ಅಪ್ಪ-ಅಮ್ಮನ ಫೋನಿನಲ್ಲಿ ಸಂಚಾರ್ ಸಾಥಿ: ವರ್ಷ ದಾಟಿದ ಬಳಕೆಯ ನಂತರ

ಕೇಂದ್ರ ದೂರಸಂಪರ್ಕ ಇಲಾಖೆ 2025ರ ಜನವರಿಯಲ್ಲಿ ಬಿಟ್ಟ ಸಂಚಾರ್ ಸಾಥಿ ಆ್ಯಪ್ ನಮ್ಮ ಅಪ್ಪ-ಅಮ್ಮ ಇಬ್ಬರ ಫೋನಿನಲ್ಲೂ ಇದೆ. ವರ್ಷದ ಮೇಲಾಯಿತು. ಅವರು ಹಾಸನದಲ್ಲಿ, ನಾನು ಬೆಂಗಳೂರಿನಲ್ಲಿ. ಇಬ್ಬರೂ ಪಿಂಚಣಿದಾರರು. ವಯಸ್ಸಾದವರಿಗೆ ಇದರಿಂದ ಉಪಯೋಗ ಇದೆಯಾ ಅಂತ ಕೇಳುವವರು ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಆ್ಯಪ್ ಮೋಸದ ಮೆಸೇಜನ್ನು ತಡೆಯುವುದಿಲ್ಲ. ಬಂದ ಮೇಲೆ ದೂರು ಕೊಡುವ ಜಾಗ ಅದು. ಆದರೂ ನಮ್ಮ ಮನೆಯಲ್ಲಿ ಅದು ಬಹಳ ಕೆಲಸಕ್ಕೆ ಬಂದಿದೆ. ಹೆದರಿಸುವ ಮೆಸೇಜ್ ಬಂದಾಗ ಹಿರಿಯರಿಗೆ ತಕ್ಷಣ ಏನಾದರೂ ಮಾಡಬೇಕು ಅನಿಸುತ್ತದೆ. 'ಸುಮ್ನಿರಿ' ಅಂದರೆ ಮನಸ್ಸು ಕೇಳುವುದಿಲ್ಲ. ಮಾಡಲು ಬೇರೊಂದು ಕೆಲಸ ಸಿಕ್ಕರೆ ಬೆರಳು ಲಿಂಕಿನ ಕಡೆ ಹೋಗುವುದಿಲ್ಲ.

ಆ ಕೆಲಸಕ್ಕೆಂದೇ ಆ್ಯಪಿನಲ್ಲಿರುವ ದೂರಿನ ವಿಭಾಗ ಚಕ್ಷು. ಅನುಮಾನದ ಕರೆ, ಎಸ್‌ಎಂಎಸ್, ವಾಟ್ಸ್‌ಆ್ಯಪ್ ಮೆಸೇಜ್ ಬಂದ 30 ದಿನದೊಳಗೆ ಅಲ್ಲಿ ತಿಳಿಸಬಹುದು. ಯಾವ ಬಗೆಯ ಮೋಸ, ಎಷ್ಟು ಹೊತ್ತಿಗೆ ಬಂತು ಅಂತ ತುಂಬಿ ಸ್ಕ್ರೀನ್‌ಶಾಟ್ ಹಾಕಬೇಕು. ಸ್ಕ್ರೀನ್‌ಶಾಟ್ ತೆಗೆಯುವುದನ್ನು ಅಮ್ಮನಿಗೆ ಕಲಿಸಲು ಸ್ವಲ್ಪ ಸಮಯ ಹಿಡಿಯಿತು. ಈಗ ಅವರೇ ಅಪ್ಪನಿಗೆ ತೆಗೆದುಕೊಡುತ್ತಾರೆ.

ಹೋದ ಸಲ ಊರಿಗೆ ಹೋಗಿದ್ದಾಗ ಅಪ್ಪನಿಗೊಂದು ಮೆಸೇಜ್ ಬಂತು. ಹಿಂದಿನ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್ ಮಾಡುತ್ತೇವೆ, ಈ ನಂಬರಿಗೆ ಫೋನ್ ಮಾಡಿ ಅಂತ. ಅಪ್ಪ ಬಿಲ್ ಹುಡುಕಲು ಎದ್ದರು. ಅಮ್ಮ ಕನ್ನಡಕ ಹಾಕಿಕೊಂಡು ಮೆಸೇಜಿನ ಮೇಲ್ತುದಿ ನೋಡಿ, 'ರೀ, ಕೂತ್ಕೊಳ್ಳಿ. ಇದು ಹತ್ತು ಅಂಕಿ ನಂಬರಿಂದ ಬಂದಿದೆ, ಹೆಸರೇ ಇಲ್ಲ' ಅಂದರು. ನಾನು ಬಾಯಿ ಬಿಡುವ ಅಗತ್ಯವೇ ಬರಲಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ರಕ್ಷಣೆ ಈ ಮೇಲ್ತುದಿ ಓದುವ ಅಭ್ಯಾಸವೇ. ಬ್ಯಾಂಕಿನಿಂದಾಗಲಿ ಸರ್ಕಾರದಿಂದಾಗಲಿ ಬರುವ ಎಸ್‌ಎಂಎಸ್‌ಗೆ ನೋಂದಾಯಿಸಿದ ಅಕ್ಷರಗಳ ಹೆಸರು ಇರುತ್ತದೆ. 2025ರಿಂದ ಅದರ ಕೊನೆಗೆ ಗೆರೆ ಹಾಕಿ ಇನ್ನೊಂದು ಅಕ್ಷರವೂ ಬರುತ್ತಿದೆ. ಜಿ ಅಂದರೆ ಸರ್ಕಾರದ್ದು, ಟಿ ಅಂದರೆ ವಹಿವಾಟಿನದ್ದು, ಎಸ್ ಅಂದರೆ ಸೇವೆಯದ್ದು, ಪಿ ಅಂದರೆ ಜಾಹೀರಾತು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಇಂಥ ಹೆಸರಿನಿಂದ ಬರುವ ಎಸ್‌ಎಂಎಸ್‌ನಲ್ಲಿ ನೋಂದಾಯಿಸದ ಲಿಂಕ್ ಇದ್ದರೆ ಟೆಲಿಕಾಂ ಕಂಪನಿಗಳೇ ಅದನ್ನು ತಡೆಯಬೇಕು ಅನ್ನುವ ನಿಯಮ, ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನದ್ದು, 2024ರ ಅಕ್ಟೋಬರ್‌ನಿಂದ ಇದೆ. ಹಾಗಾಗಿ ಹತ್ತು ಅಂಕಿ ನಂಬರಿಂದ ಬಂದದ್ದಕ್ಕೇ ನಮ್ಮ ಮನೆಯಲ್ಲಿ ಜಾಸ್ತಿ ಎಚ್ಚರಿಕೆ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಟ್ರಾಫಿಕ್ ಚಲನ್ ಫೈಲು ಇನ್ನೂ ಅಪಾಯ. ಹೆಸರು ಎಪಿಕೆ ಅಂತ ಮುಗಿದರೆ ಅದು ರಸೀದಿ ಅಲ್ಲ, ಆ್ಯಪ್. ಹಾಕಿಕೊಂಡರೆ ಒಟಿಪಿಯನ್ನೇ ಓದಿಬಿಡಬಲ್ಲದು. ಸೆಟ್ಟಿಂಗ್ಸ್‌ನಲ್ಲಿ ವಾಟ್ಸ್‌ಆ್ಯಪ್ ಮೂಲಕ ಹೊರಗಿನ ಆ್ಯಪ್ ಹಾಕುವ ಅನುಮತಿ ಆಫ್ ಇದೆಯಾ ನೋಡಿ. ಇದನ್ನು ಸಂಚಾರ್ ಸಾಥಿ ನಿಮಗಾಗಿ ಮಾಡಿಕೊಡುವುದಿಲ್ಲ, ಮಕ್ಕಳೇ ಕೂತು ಮಾಡಬೇಕು.

ಇಮೇಲ್ ವಿಷಯಕ್ಕೆ ಬಂದರೆ ಚಕ್ಷುವಿನಲ್ಲಿ ಅದಕ್ಕೆ ಜಾಗವಿಲ್ಲ. ಅಪ್ಪನಿಗೆ ಇ-ಪ್ಯಾನ್ ಡೌನ್‌ಲೋಡ್ ಮಾಡಿ, ತೆರಿಗೆ ರಿಫಂಡ್ ತಗೊಳ್ಳಿ ಅನ್ನುವ ಮೇಲ್‌ಗಳು ಬರುತ್ತಲೇ ಇರುತ್ತವೆ. ಕಳಿಸಿದವರ ಹೆಸರಿನ ಕೆಳಗಿನ ಪುಟ್ಟ ಬಾಣ ಒತ್ತಿ ಪೂರ್ತಿ ವಿಳಾಸ ನೋಡುವುದನ್ನು ಕಲಿಸಿದ್ದೇನೆ. ಬ್ಯಾಂಕಿನ ವೆಬ್‌ಸೈಟ್ ಅಂತ ಲಿಂಕ್ ಬಂದರೆ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಮುಗಿಯುತ್ತದಾ ಅಂತಲೂ ನೋಡುತ್ತಾರೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಈ ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು.

ನನಗೆ ಬಹಳ ಹಿಡಿಸಿದ ಇನ್ನೊಂದು ಸೌಲಭ್ಯ, ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡುವುದು. ಅಪ್ಪ ಯಾವಾಗಲೋ ಡೇಟಾ ಕಾರ್ಡಿಗೆ ತಗೊಂಡಿದ್ದ ಹಳೇ ನಂಬರ್ ಅಲ್ಲಿ ಸಿಕ್ಕಿತು. ಬೇಡ ಅಂತ ಗುರುತು ಹಾಕಿದೆವು.

ದುಡ್ಡು ಹೋಗೇ ಹೋಯಿತು ಅನ್ನುವಾಗ ಈ ಆ್ಯಪ್ ತೆರೆದು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುವ ಮೊದಲೇ ಅದನ್ನು ಹಿಡಿದಿಡಬೇಕು, ಅಲ್ವಾ? ಆ ನಂಬರನ್ನು ಇಬ್ಬರ ಫೋನಿನಲ್ಲೂ 'ಹಣ ಹೋದರೆ' ಅನ್ನುವ ಹೆಸರಲ್ಲಿ ಉಳಿಸಿದ್ದೇನೆ.

ಹೊಸ ಫೋನುಗಳಲ್ಲಿ ಇದನ್ನು ಮೊದಲೇ ಹಾಕಿರಬೇಕು ಅನ್ನುವ ಆದೇಶ ಬಂದು, ವಿರೋಧದ ನಂತರ 2025ರ ಡಿಸೆಂಬರ್‌ನಲ್ಲಿ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಅದು ಸರಿ ಅನಿಸಿತು. ಆಂಡ್ರಾಯ್ಡ್‌ನಲ್ಲಿ ಇದು ಕರೆ, ಮೆಸೇಜುಗಳ ಅನುಮತಿ ಕೇಳುತ್ತದೆ. ಇಷ್ಟವಿಲ್ಲದವರು ಆ್ಯಪ್ ಬಿಟ್ಟು ಸಂಚಾರ್ ಸಾಥಿ ವೆಬ್‌ಸೈಟಿನಲ್ಲೇ ಚಕ್ಷು ಬಳಸಬಹುದು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಅಂಕ ಇಮೇಲಿಗೆ ಕಳೆದೆ. ಸ್ಮಾರ್ಟ್‌ಫೋನ್ ಅಷ್ಟು ರೂಢಿಯಿಲ್ಲದ ನಮ್ಮ ಸೋದರತ್ತೆಗೆ ಇದನ್ನು ಹಾಕಿಕೊಟ್ಟಿಲ್ಲ. ಅವರು ಅನುಮಾನ ಬಂದ ಮೆಸೇಜನ್ನು ಅಮ್ಮನಿಗೆ ತಂದು ತೋರಿಸುತ್ತಾರೆ.