ಜಗಲಿಯ ಪ್ರೊಜೆಕ್ಟರ್: ಎರಡು ಮಳೆಗಾಲ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಟಿವಿ ಬದಲಿಗೆ ಅಂತ ಕೊಳ್ಳುವವರಿಗೆ ಈ ಪ್ರೊಜೆಕ್ಟರ್ ಬೇಡ. ನಾಲ್ಕು ಮನೆಯವರು ಒಂದು ಕಡೆ ಕೂತು ಸಿನಿಮಾ ನೋಡುವ ಅಭ್ಯಾಸ ಇದ್ದರೆ, ಅಥವಾ ಮಾಡಿಕೊಳ್ಳುವ ಮನಸ್ಸಿದ್ದರೆ, ಮೋಸವಿಲ್ಲ.

ನನ್ನದು ಹದಿನೈದು ಸಾವಿರದ ಆಸುಪಾಸಿನ ಎಲ್‌ಇಡಿ ಪ್ರೊಜೆಕ್ಟರ್. ಕಂಪನಿ ಹೆಸರು ಹಾಕುವುದಿಲ್ಲ. ಈ ಬೆಲೆಗೆ ಸಿಗುವವು ಒಳಗೆ ಹೆಚ್ಚುಕಡಿಮೆ ಒಂದೇ, ಮೇಲಿನ ಪ್ಲಾಸ್ಟಿಕ್ ಮಾತ್ರ ಬೇರೆ. ಮನೆ ಶಿರಸಿಯಿಂದ ಒಳಗೆ, ತೋಟದ ನಡುವೆ. ಹುಬ್ಬಳ್ಳಿಯ ಮಲ್ಟಿಪ್ಲೆಕ್ಸಿಗೆ ಸುಮಾರು 100 ಕಿ.ಮೀ. ಆದರೆ ಇದನ್ನು ತರಿಸಿದ್ದು ಆ ದೂರಕ್ಕೆ ಹೆದರಿ ಅಲ್ಲ. ಸಿನಿಮಾ ಹೆಸರುಗಳ ಕಾಟಕ್ಕೆ. ಭಾವ ಒಂದು ಹೆಸರು ಕಳಿಸುತ್ತಾನೆ, ಬೆಂಗಳೂರಿನ ತಂಗಿ ಇನ್ನೊಂದು, ಕಾರವಾರದ ಸ್ನೇಹಿತರು ಮತ್ತೊಂದು. ಎಲ್ಲದರ ಕೆಳಗೂ ಒಂದೇ ಮಾತು, 'ಬಿಡಬೇಡ, ನೋಡು'. ಯಾರೂ ನೋಡುವುದಿಲ್ಲ. ನೋಡಿದರೂ ಫೋನಿನಲ್ಲಿ, ಅರ್ಧ, ಊಟ ಮಾಡುತ್ತಾ.

ಪ್ರೊಜೆಕ್ಟರ್ ಬಂದಮೇಲೆ ಒಂದು ಕಟ್ಟಳೆ ಮಾಡಿದೆವು. ಸಿನಿಮಾ ಹೆಸರು ಹೇಳಿದವರು ಜಗಲಿಗೆ ಬಂದು ಕೊನೆಯವರೆಗೆ ಕೂರಬೇಕು. ಬೇರೆ ಊರಲ್ಲಿದ್ದರೆ ಊರಿಗೆ ಬಂದಾಗ ಅವರ ಸಿನಿಮಾ. ಇಷ್ಟೇ ಮಾಡಿದ್ದು, ಅರ್ಧಕ್ಕರ್ಧ ಹೆಸರು ತಾನಾಗಿ ಉದುರಿಹೋಯಿತು. ಭಾವನೇ ಹೇಳಿದ ಒಂದು ಹೊಡೆದಾಟದ ಸಿನಿಮಾ ಹಾಕಿದಾಗ ಇಂಟರ್‌ವಲ್ಲಿಗೆ ಮುಂಚೆ 'ಎಮ್ಮೆ ಕೂಗ್ತಾ ಇದ್ದು' ಅಂತ ಎದ್ದು ಹೋದವನು ವಾಪಸ್ ಬರಲೇ ಇಲ್ಲ. ಅವರ ಮನೆಯಲ್ಲಿ ಈಗ ಎಮ್ಮೆಯೇ ಇಲ್ಲ.

ಇನ್ನು ಯಂತ್ರದ ವಿಷಯ. ಪೆಟ್ಟಿಗೆಯ ಮೇಲೆ ಲುಮೆನ್ಸ್, ಅಂದರೆ ಬೆಳಕಿನ ಅಳತೆ, ಅಂತ ಸಾವಿರಗಳಲ್ಲಿ ಒಂದು ಅಂಕಿ ಇರುತ್ತದೆ. ಅದನ್ನು ನಂಬಬೇಡಿ. ನೋಡಬೇಕಾದ್ದು 'ಎಎನ್‌ಎಸ್‌ಐ ಲುಮೆನ್ಸ್', ಅಂದರೆ ಗೊತ್ತುಮಾಡಿದ ಒಂದು ಕ್ರಮದಲ್ಲಿ ಅಳೆದ ಬೆಳಕು. ಈ ಬೆಲೆಯಲ್ಲಿ ಅದು ಕೆಲವು ನೂರು ಇದ್ದರೆ ದೊಡ್ಡದು. '4ಕೆ ಸಪೋರ್ಟ್' ಅನ್ನುವುದೂ ಹಾಗೇ. 4ಕೆ ಸಿಗ್ನಲ್ ಒಳಗೆ ತಗೊಳ್ಳುತ್ತದೆ ಅಂತ ಅರ್ಥ, ತೋರಿಸುತ್ತದೆ ಅಂತಲ್ಲ. 'ನೇಟಿವ್ 1080ಪಿ' (ಯಂತ್ರ ನಿಜವಾಗಿ ತೋರಿಸುವ ಸ್ಪಷ್ಟತೆ) ಅಂತ ಬರೆದಿದೆಯೇ ನೋಡಿ, ಸಾಕು. ಎಲ್‌ಇಡಿಗೆ 30,000 ಗಂಟೆ ಆಯುಸ್ಸು ಅನ್ನುತ್ತಾರೆ. ದಿನಕ್ಕೆ 3 ಗಂಟೆ ಹಾಕಿದರೂ 27 ವರ್ಷ ಆಯಿತು. ಅಷ್ಟರೊಳಗೆ ಉಳಿದದ್ದೆಲ್ಲ ಹಾಳಾಗಿರುತ್ತದೆ, ಅದು ಬೇರೆ ಮಾತು.

ಸುಮಾರು 9 ಅಡಿ ದೂರ ಇಟ್ಟರೆ ಗೋಡೆಯ ಮೇಲೆ 100 ಇಂಚಿನ ಚಿತ್ರ ಬೀಳುತ್ತದೆ. ಮೊದಮೊದಲು ಎಲ್ಲರಿಗೂ 100 ಇಂಚೇ ಬೇಕು. ಆಮೇಲೆ ಗೊತ್ತಾಗುತ್ತದೆ, ಬೆಳಕು ಇರುವುದು ಅಷ್ಟೇ, ಹರಡಿದಷ್ಟೂ ತೆಳುವಾಗುತ್ತದೆ. 70 ಇಂಚಿಗೆ ಇಳಿಸಿದರೆ ಚಿತ್ರದ ವಿಸ್ತೀರ್ಣ ಅರ್ಧ, ಬೆಳಕು ಹತ್ತಿರತ್ತಿರ ದುಪ್ಪಟ್ಟು. ಈ ಒಂದು ವಿಷಯ ಗೊತ್ತಿಲ್ಲದೆ ಪ್ರೊಜೆಕ್ಟರ್ ಬೈಯುವವರೇ ಜಾಸ್ತಿ.

ನಮಗೆ ಇದು ಗೊತ್ತಾದದ್ದು 'ಕುಂಬಳಂಗಿ ನೈಟ್ಸ್' ಹಾಕಿದ ರಾತ್ರಿ. 2019ರ ಮಲಯಾಳಂ ಸಿನಿಮಾ, ಕೊಚ್ಚಿ ಹತ್ತಿರದ ಹಿನ್ನೀರಿನ ಊರಿನಲ್ಲಿ ಜಗಳವಾಡಿಕೊಂಡೇ ಬದುಕುವ ಅಣ್ಣತಮ್ಮಂದಿರ ಕಥೆ. ಅದರಲ್ಲಿ ರಾತ್ರಿ ನೀರು ನೀಲಿಯಾಗಿ ಹೊಳೆಯುವ ದೃಶ್ಯ ಒಂದಿದೆ. ಸಿನಿಮಾ ಹೇಳಿದ ಕಾರವಾರದ ಸ್ನೇಹಿತರು ಅದಕ್ಕಾಗಿಯೇ ಕಾಯುತ್ತಾ ಕೂತಿದ್ದರು. ಅವರ ಕಡಲಲ್ಲೂ ಆ ಹೊಳಪು ಕೆಲವು ಸಲ ಕಾಣುತ್ತದೆ. ದೃಶ್ಯ ಬಂತು. ಗೋಡೆ ಪೂರ್ತಿ ಕಪ್ಪು. ಅದರೊಳಗೆ ಎಲ್ಲೋ ಒಂಚೂರು ನೀಲಿ. ಪಾಪ, ಅವರ ಮುಖ ನೋಡುವ ಹಾಗಿರಲಿಲ್ಲ. ಪ್ರೊಜೆಕ್ಟರನ್ನು ಗೋಡೆಯ ಹತ್ತಿರ ಎಳೆದು, ಚಿತ್ರ ಸಣ್ಣ ಮಾಡಿ, ಹೊರಗಿನ ಲೈಟೂ ಆರಿಸಿ ಮತ್ತೆ ಹಾಕಿದೆವು. ಆಗ ಕಂಡಿತು. ಚೆನ್ನಾಗಿಯೇ ಕಂಡಿತು.

ಹಗಲಿನಲ್ಲಿ ನಡೆಯುವ ಸಿನಿಮಾಗಳಿಗೆ ಮಾತ್ರ ಈ ಯಂತ್ರ ಹೇಳಿ ಮಾಡಿಸಿದ ಹಾಗಿದೆ. 'ತಿಥಿ' ನೋಡಿದ್ದು ನಮ್ಮ ಜಗಲಿಯ ಅತಿ ಒಳ್ಳೆಯ ರಾತ್ರಿ. ರಾಮ್ ರೆಡ್ಡಿ ಮಾಡಿದ ಸಿನಿಮಾ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದದ್ದು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಊರಿನವರೇ ಪಾತ್ರಗಳು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಮೂವರೂ ಮೂರು ದಿಕ್ಕು. ಬಿಸಿಲು, ಗದ್ದೆ, ಕುರಿಮಂದೆ. ಎಲ್ಲ ಸ್ವಚ್ಛ ಕಾಣುತ್ತದೆ. ಕಾಲು ಗಂಟೆ ಸುಮ್ಮನಿದ್ದ ಅಪ್ಪಚ್ಚಿ (ಚಿಕ್ಕಪ್ಪ) ನನ್ನ ಕಡೆ ತಿರುಗಿ 'ತಮಾ, ಇವ್ರೆಲ್ಲ ನಟರೇ ಅಲ್ದಲಾ?' ಅಂದರು. ಹೌದು ಅಂದೆ. ಆಮೇಲೆ ಸೆಂಚುರಿ ಗೌಡನ ಮಗ ಗಡ್ಡಪ್ಪ ನಡೆದಾಗಲೆಲ್ಲ ನಗು. ಜಮೀನಿನ ಕಾಗದಕ್ಕಾಗಿ ಗಡ್ಡಪ್ಪನ ಮಗ ಒದ್ದಾಡುವ ಭಾಗ ಬಂದಾಗ ನಗು ನಿಂತಿತು. ಪಾಲುಪಟ್ಟಿಯ ರಗಳೆ ಕಾಣದ ಮನೆ ನಮ್ಮ ಕಡೆ ಯಾವುದಿದೆ ಹೇಳಿ.

'ಲಾಪತಾ ಲೇಡೀಸ್' ಕೂಡ ಹಾಗೇ. ರೈಲಿನಲ್ಲಿ ಇಬ್ಬರು ಮದುಮಗಳಂದಿರು ಮುಖ ಮುಚ್ಚುವ ಘೂಂಘಟಿನಿಂದಾಗಿ ಅದಲುಬದಲಾಗುವ ಕಥೆ, ಕಿರಣ್ ರಾವ್ ನಿರ್ದೇಶನ, 2024. ಅತ್ತಿಗೆ ಹೇಳಿದ ಸಿನಿಮಾ. ಹೆಚ್ಚು ಹೇಳುವುದಿಲ್ಲ, ನೋಡಿಲ್ಲದಿದ್ದರೆ ಮನೆಯ ಹೆಂಗಸರ ಜೊತೆ ಕೂತು ನೋಡಿ. ಎಲ್ಲಿ ನಗುತ್ತಾರೆ, ಎಲ್ಲಿ ನಗುವುದಿಲ್ಲ ಅಂತ ಗಮನಿಸಿ.

ಸದ್ದು ಇದರ ದೊಡ್ಡ ಕೊರತೆ. ಒಳಗಿನ ಸ್ಪೀಕರ್ ಚಳಿಗಾಲದಲ್ಲಿ ನಡೆಯುತ್ತದೆ. ಆಷಾಢದ ಮಳೆ ಹೆಂಚಿನ ಮೇಲೆ ಹೊಡೆಯುವಾಗ ಏನೂ ಕೇಳುವುದಿಲ್ಲ. ಬ್ಲೂಟೂತ್ ಸ್ಪೀಕರ್ ಹಾಕಿದರೆ ತುಟಿ ಮುಂದೆ, ಮಾತು ಹಿಂದೆ. ಕೊನೆಗೆ ಹಳೆಯ ಸ್ಪೀಕರ್ ಜೋಡಿಯನ್ನು ಆಕ್ಸ್ ವೈರಿನಲ್ಲಿ ಸೇರಿಸಿದೆ, ಸರಿಹೋಯಿತು. ಸರಿಹೋಯಿತು ಅಂದರೆ, ಮಳೆ ಜೋರಾದರೆ ಅದೂ ಸಾಲದು.

ಹಾಗಾಗಿ ನಮ್ಮಲ್ಲಿ ಮಳೆಗಾಲದ ಸಿನಿಮಾ ಬೇರೆ, ಒಣಗಾಲದ ಸಿನಿಮಾ ಬೇರೆ. ಇದನ್ನು ಯಾವ ವಿಮರ್ಶೆಯಲ್ಲೂ ಬರೆದಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಳೆಯಲ್ಲಿ ಸಬ್‌ಟೈಟಲ್ ಇರುವ ಬೇರೆ ಭಾಷೆಯ ಸಿನಿಮಾ ಗೆಲ್ಲುತ್ತದೆ. ಓದಿಕೊಂಡರೆ ಆಯಿತು. ಮಾತಿನ ಮೇಲೆ ನಿಂತ ಕನ್ನಡ ಸಿನಿಮಾ ಸೋಲುತ್ತದೆ. 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ಇದೇ ಆಯಿತು. ತೇಜಸ್ವಿಯವರ ಕಥೆ, 2023ರಲ್ಲಿ ಶಶಾಂಕ್ ಸೋಗಾಲ್ ಸಿನಿಮಾ ಮಾಡಿದರು. ಅದರ ರುಚಿ ಇರುವುದೇ ಹುಡುಗರ ಮಾತಿನಲ್ಲಿ. ಜುಲೈನಲ್ಲಿ ಹಾಕಿ, ಒಬ್ಬರಿಗೂ ಏನೂ ಕೇಳದೆ, ಕೊನೆಗೆ ಆರಿಸಿದೆವು. ಅಡಿಕೆ ಕೊಯ್ಲಿನ ಹೊತ್ತಿಗೆ ಮತ್ತೆ ಹಾಕಿದಾಗ ಮಕ್ಕಳು ಮರುದಿನವೂ ನೋಡಬೇಕು ಅಂತ ಹಟ ಹಿಡಿದರು.

ಸಬ್‌ಟೈಟಲ್ ಇಂಗ್ಲಿಷಿನಲ್ಲೇ ಇರುತ್ತದೆ ಅನ್ನುವುದು ಇನ್ನೊಂದು ತೊಡಕು. ಆಯಿಗೆ, ಅಪ್ಪಚ್ಚಿಗೆ ಅದು ಆಗದು. 'ಎಂತ ಹೇಳಿದ್ನೇ ಕೂಸೆ?' ಅಂತ ಕೇಳಿ ಕೇಳಿ, ಈಗ ತಂಗಿಯ ಮಗಳು ರಜೆಗೆ ಬಂದಾಗ ತಾಳಮದ್ದಳೆಯ ಅರ್ಥಧಾರಿಯ ಹಾಗೆ ಪಕ್ಕದಲ್ಲಿ ಕೂತು ಎಲ್ಲರ ಮಾತನ್ನೂ ಹೇಳುತ್ತಾಳೆ. ಕೆಲವು ಕಡೆ ಸಿನಿಮಾದಲ್ಲಿ ಇಲ್ಲದ್ದನ್ನೂ ಸೇರಿಸುತ್ತಾಳೆ. 'ಮೆಯ್ಯಳಗನ್' ಅವಳಿಂದಾಗಿಯೇ ಇಲ್ಲಿ ಗೆದ್ದಿತು. 2024ರ ತಮಿಳು ಸಿನಿಮಾ, ಅರವಿಂದ ಸ್ವಾಮಿ ಮತ್ತು ಕಾರ್ತಿ. ಬಿಟ್ಟುಹೋದ ಊರಿಗೆ ಮದುವೆಗೆಂದು ಬಂದವನನ್ನು ಒಬ್ಬ ನೆಂಟ ಬಾಯ್ತುಂಬ ಮಾತಾಡಿಸಿ ಉಪಚರಿಸುತ್ತಾನೆ. ಬಂದವನಿಗೆ ಅವನ ಹೆಸರೇ ನೆನಪಾಗುವುದಿಲ್ಲ, ಕೇಳಲೂ ನಾಚಿಕೆ. ಇಡೀ ರಾತ್ರಿ ಅದೇ. ತಾಳ್ಮೆ ಇಲ್ಲದವರಿಗೆ ಉದ್ದ ಅನ್ನಿಸಬಹುದು. ಬೆಂಗಳೂರಿಂದ ಬಂದ ತಂಗಿ ಮಾತ್ರ ಮುಗಿಯುವ ಮೊದಲೇ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದಳು. ಅಷ್ಟೊಂದು ರಾತ್ರಿ ದೃಶ್ಯ ಇದ್ದರೂ 70 ಇಂಚಿನಲ್ಲಿ ತೊಂದರೆಯಾಗಲಿಲ್ಲ. ಅಲ್ಲಿ ದೀಪಗಳು ಬೇಕಾದಷ್ಟಿವೆ.

ಹಳೆಯ ಸಿನಿಮಾಗಳ ಬಗ್ಗೆ ಒಂದು ಎಚ್ಚರಿಕೆ. ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ನಮ್ಮ ಶಿರಸಿಯಲ್ಲಿ, ಶಂಕರ್ ನಾಗ್ ಹೊನ್ನಾವರದ ಕಡೆಯವರು. ಇಬ್ಬರೂ ಸೇರಿದ 1978ರ 'ಒಂದಾನೊಂದು ಕಾಲದಲ್ಲಿ' ಹಾಕದೇ ಇರುವುದು ಹೇಗೆ? ಹಾಕಿದೆವು. ನೆಟ್ಟಿನಲ್ಲಿ ನಮಗೆ ಸಿಕ್ಕ ಪ್ರತಿ ಮಸುಕು. ಫೋನಿನಲ್ಲಿ ಕಾಣದ ಕೊಳೆಯೆಲ್ಲ ಗೋಡೆಯ ಮೇಲೆ ಎದ್ದು ಬಂತು. ಅದು ಪ್ರೊಜೆಕ್ಟರಿನ ತಪ್ಪಲ್ಲ. ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರಲ್ಲ, ಅಂಥ ಪ್ರತಿ ಮನೆಗೂ ಬಂದರೆ ಈ ಯಂತ್ರಕ್ಕೆ ಬೆಲೆ. ನಮ್ಮ ಜಿಲ್ಲೆಯವರೇ ಆದ ನಟೇಶ್ ಹೆಗಡೆಯ 'ಪೆಡ್ರೊ', 'ವಾಘಾಚಿಪಾಣಿ' ಎರಡೂ ಪಟ್ಟಿಯಲ್ಲಿವೆ. ಇನ್ನೂ ಜಗಲಿಗೆ ಬಂದಿಲ್ಲ.

ಮಳೆಗಾಲದಲ್ಲಿ ಇದನ್ನು ಸಾಕುವುದು ಒಂದು ಕೆಲಸ. ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ವಾರಕ್ಕೊಮ್ಮೆಯಾದರೂ ಹಚ್ಚಿ. ಅದರ ಬಿಸಿಗೇ ಒಣಗುತ್ತದೆ. ಬಿಸಿ ಇರುವಾಗಲೇ ಡಬ್ಬಿಗೆ ತುಂಬಬೇಡಿ. ಮೊದಲ ಮಳೆಯ ವಾರ ಮಾತ್ರ ಸಿನಿಮಾಕ್ಕೆ ರಜೆ ಕೊಡಿ, ಮಳೆಹುಳ ಬೆಳಕಿಗೆ ಮುತ್ತುತ್ತವೆ, ರೆಕ್ಕೆ ಹೋಗಿ ಫ್ಯಾನಿಗೆ ಸಿಕ್ಕುತ್ತದೆ. ಫ್ಯಾನಿನ ಗಾಳಿಯ ಜೊತೆ ಧೂಳೂ ಒಳಗೆ ಹೋಗುತ್ತದೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಕಪ್ಪು ದೃಶ್ಯಗಳಲ್ಲಿ ಬೆರಳಿನ ಗಾತ್ರದ ಬಿಳಿ ಕಲೆ ಕಾಣಿಸಿಕೊಂಡಿತು. ಮಾರಿದವರಿಗೆ ಬರೆದರೆ 'ವಾರಂಟಿಯಲ್ಲಿ ಧೂಳು ಬರುವುದಿಲ್ಲ' ಎಂಬ ಉತ್ತರ. ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಿ ಬಿಚ್ಚಿ, ಗಾಳಿ ಊದಿ ಕೊಟ್ಟರು. ಕೊಳ್ಳುವಾಗ 'ಸೀಲ್ಡ್ ಆಪ್ಟಿಕಲ್ ಎಂಜಿನ್', ಅಂದರೆ ಚಿತ್ರ ಮೂಡಿಸುವ ಭಾಗ ಧೂಳು ಹೋಗದ ಹಾಗೆ ಮುಚ್ಚಿದ್ದು, ಇದೆಯಾ ಕೇಳಿ. ಒಂದೆರಡು ಸಾವಿರ ಜಾಸ್ತಿಯಾದರೂ ನಮ್ಮ ಕಡೆಗೆ ಅದೇ ಒಳ್ಳೆಯದು.

ಕರೆಂಟು ಹೋಗುವುದು ಅಷ್ಟು ದೊಡ್ಡ ಸಮಸ್ಯೆಯಲ್ಲ. ಇದು ಎಳೆಯುವುದು 80 ವ್ಯಾಟ್ ಆಸುಪಾಸು. ಮನೆಯ 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಪೂರ್ತಿ ಸಿನಿಮಾ ಆರಾಮಾಗಿ ಮುಗಿಯುತ್ತದೆ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡಿನ ಸ್ವಿಚ್ ಇದ್ದರೆ ಅದಕ್ಕೆ ಹಾಕಿಡಿ. ಇಲ್ಲದಿದ್ದರೆ ಕರೆಂಟು ಹೋದ ಗಳಿಗೆಯಲ್ಲಿ ಪ್ರೊಜೆಕ್ಟರ್ ಆರಿ ಮತ್ತೆ ಮೊದಲಿಂದ ಶುರುವಾಗುತ್ತದೆ.

ಒಳಗೆ ಬರುವ ಆ್ಯಪ್‌ಗಳನ್ನು ಮರೆತುಬಿಡಿ. ದೊಡ್ಡ ಓಟಿಟಿಗಳು ತಾವು ಒಪ್ಪಿದ ಯಂತ್ರಗಳಲ್ಲಿ ಮಾತ್ರ ಸರಿಯಾಗಿ ಓಡುತ್ತವೆ, ಇದು ಆ ಪಟ್ಟಿಯಲ್ಲಿಲ್ಲ. ಬೇರೆ ಸ್ಟ್ರೀಮಿಂಗ್ ಸ್ಟಿಕ್ ತಂದು ಎಚ್‌ಡಿಎಂಐಗೆ ಸಿಕ್ಕಿಸಿದೆ. ಬೆಲೆ ನೋಡುವಾಗ ಅದನ್ನೂ, ಸ್ಪೀಕರನ್ನೂ ಸೇರಿಸಿಯೇ ಲೆಕ್ಕ ಹಾಕಿ. ಪರದೆಗೆ ದುಡ್ಡು ಹಾಕಬೇಡಿ. ಸುಣ್ಣದ ಗೋಡೆಗೆ ಹೊಳಪಿಲ್ಲದ ಬಿಳಿ ಪೇಂಟ್ ಎರಡು ಕೋಟ್ ಹೊಡೆದರೆ ಸಾಕು. ಬೆಡ್‌ಶೀಟ್ ಬೇಡ, ಗಾಳಿಗೆ ನಾಯಕನ ಮುಖ ಅಲ್ಲಾಡುತ್ತದೆ.

ಐದಕ್ಕೆ ಎಷ್ಟು ಅಂದರೆ, ಚಿತ್ರಕ್ಕೆ ಮೂರು, ಸದ್ದಿಗೆ ಒಂದು. ಮುಂದಿನ ಸರದಿ ಆಯಿಯದು. ಅವರು ಇನ್ನೂ ಹೆಸರು ಹೇಳಿಲ್ಲ. 'ಹಾಡು ಇರವು, ರಾತ್ರಿ ಹತ್ತರೊಳಗೆ ಮುಗಿಯವು' ಅಂತ ಎರಡು ಷರತ್ತು ಮಾತ್ರ ಹಾಕಿದ್ದಾರೆ. ಅಂಥದ್ದು ಇತ್ತೀಚೆಗೆ ನೋಡಿದ್ದರೆ ಹೇಳಿ. ಕೊನೆಯವರೆಗೆ ಕೂತು ನೋಡಿದ್ದರೆ ಮಾತ್ರ.