ನೀರಿನಡಿಯ ಊರು ಹುಡುಕಲು ಮೂರು ನಕ್ಷೆ: ನನ್ನ ಓಟು ಇಂಚಿನ ಹಾಳೆಗೆ

ಬೀದರ್ ಜಿಲ್ಲೆಯ ಕಾರಂಜಾ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಹಳೇ ಊರು ಎಲ್ಲಿತ್ತು, ಅದರ ಸುತ್ತ ಏನೇನಿತ್ತು ಅಂತ ಮಕ್ಕಳಿಗೆ ತೋರಿಸಬೇಕಿತ್ತು. ಇವತ್ತಿನ ನಕ್ಷೆ ತೆಗೆದರೆ ಅಲ್ಲಿ ಬರೀ ನೀಲಿ. ಹಾಗಾಗಿ ಹಳೆಯವನ್ನೇ ಹುಡುಕಿದೆ: ಅಮೆರಿಕದ ಸೈನ್ಯ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಯು502 ಸರಣಿ, ಸರ್ವೆ ಆಫ್ ಇಂಡಿಯಾದ ಇಂಚಿಗೊಂದು ಮೈಲಿಯ ಹಾಳೆ, ಕಂದಾಯ ಇಲಾಖೆಯ ಗ್ರಾಮ ನಕಾಶೆ. ದುಡ್ಡು ಕೊಟ್ಟು ಪ್ರಿಂಟ್ ಹಾಕಿಸಿದ್ದು ಇಂಚಿನ ಹಾಳೆಯನ್ನು ಮಾತ್ರ. ಇವತ್ತಿಗೂ ಕೈಗೆತ್ತಿಕೊಳ್ಳುವುದು ಅದನ್ನೇ.

ಯು502 ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆಣೆಕಟ್ಟು ಇಲ್ಲದ ಕಾಲದ ಕಾರಂಜಾ ಹೊಳೆ ಮಾಂಜ್ರಾ ನದಿಗೆ ಸೇರುವ ದಾರಿಯನ್ನು ಅದರಲ್ಲಿ ನೋಡುವುದೇ ಚೆಂದ. ಆದರೆ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್. ಊರೆಂದರೆ ಒಂದು ಚುಕ್ಕಿ.

ಇಂಚಿನ ಹಾಳೆಯಲ್ಲಿ ಊರು ಊರಾಗಿ ಕಾಣುತ್ತದೆ. ಮನೆಗಳ ಗುಂಪು, ಗುಡಿ, ಹಳ್ಳ, ಬಂಡಿದಾರಿ. ಕಲ್ಲು ಕಟ್ಟಿದ ಬಾವಿಗೆ ಒಂದು ಗುರುತು, ಕಟ್ಟದ್ದಕ್ಕೆ ಇನ್ನೊಂದು. ಜನ ಬಿಟ್ಟುಹೋದ ಹಾಳೂರಿಗೂ ಪ್ರತ್ಯೇಕ ಗುರುತಿದೆ. ಕಾಕಾ ಕನ್ನಡಕ ಏರಿಸಿ ಬೆರಳಿಟ್ಟರು: "ಇದು ಹಣಮಪ್ಪನ ಗುಡಿ ಮುಂದಿನ ಬಾವಿ. ಈ ದಾರೀಲೆ ನಾವು ಭಾಲ್ಕಿ ಸಂತಿಗಿ ಬಂಡಿ ಹೊಡಕೊಂಡು ಹೋಗ್ತಿದ್ವಿ." ಯು502ರ ಚುಕ್ಕಿ ಅವರಿಂದ ಇಂಥ ಒಂದು ಮಾತನ್ನೂ ಹೊರಡಿಸಿರಲಿಲ್ಲ.

ಈ ಹಾಳೆಯ ದೊಡ್ಡ ತಲೆನೋವು ಅಂಚು. 18 ಡಿಗ್ರಿ ಅಕ್ಷಾಂಶದ ಗೆರೆ ಭಾಲ್ಕಿ ಪೇಟೆಯ ತುಸು ದಕ್ಷಿಣಕ್ಕೇ ಹಾಯುತ್ತದೆ. ಹಾಳೆಗಳನ್ನು ಕತ್ತರಿಸಿರುವುದೂ ಅದೇ ಗೆರೆಗೆ: ಪೇಟೆ 56 ಎಫ್/4 ನಂಬರಿನ ಹಾಳೆಯಲ್ಲಿ, ಗೆರೆಯ ಕೆಳಗಿನ ಹಳ್ಳಿಗಳು 56 ಜಿ/1ರಲ್ಲಿ. ಕಾಕಾ ಹೇಳಿದ ಸಂತೆಯ ದಾರಿ ಅಂಚಿಗೆ ಬಂದು ನಿಂತುಬಿಡುತ್ತದೆ. ಅದಕ್ಕೇ ಎರಡೂ ಹಾಳೆ ಕೊಳ್ಳಬೇಕಾಯಿತು.

ಕೊಂಡ ಮೇಲೂ ಅವು ಸಲೀಸಾಗಿ ಕೂಡಲಿಲ್ಲ. ಮೂಲದ ಕಾಗದ ಒಂದೊಂದು ಕಡೆ ಒಂದೊಂದು ರೀತಿ ಹಿಗ್ಗಿ ಕುಗ್ಗಿದೆ, ಸ್ಕ್ಯಾನ್ ಓರೆಯಾಗಿದೆ. ಹಳ್ಳ ಕೂಡಿಸಿದರೆ ದಾರಿ ತಪ್ಪುತ್ತದೆ, ದಾರಿ ಕೂಡಿಸಿದರೆ ಎತ್ತರದ ಗೆರೆ ಸರಿಯುತ್ತದೆ. ಅಂಗಡಿಯವರನ್ನು ಕೇಳಿದರೆ ಬಂದದ್ದೇ ಹಾಗೆ ಅಂದರು. ಕಡೆಗೆ ಬಿಳಿ ಅಂಚು ಕತ್ತರಿಸಿ, ನಮ್ಮೂರಿನ ಹತ್ತಿರದ ಹಳ್ಳವೊಂದನ್ನೇ ಹಿಡಿದು ಅಂಟಿಸಿದೆ. ದೂರದ ಗೆರೆಗಳು ತಪ್ಪಿದರೆ ತಪ್ಪಲಿ, ನಮಗೆ ಬೇಕಾದಲ್ಲಿ ಕೂಡಿದರೆ ಸಾಕು.

ಹಳೇ ಹಾಳೆಯನ್ನು ಫೋನಿನ ಜಿಪಿಎಸ್ ಮೇಲೆ ಹೊಂದಿಸುವವರಿಗೆ ಒಂದು ಮಾತು: ಎರಡರಲ್ಲೂ ಭೂಮಿಯ ಆಕಾರದ ಲೆಕ್ಕ ಬೇರೆ, ಹಾಗಾಗಿ ಜಾಗ ಸರಿಯುತ್ತದೆ. ಭಾಲ್ಕಿಯ ರೈಲು ಹಳಿ ನಿಜಾಮರ ಕಾಲದ್ದು. ಹಾಳೆಯಲ್ಲಿ ಅದಿದ್ದರೆ ಅದನ್ನೇ ಹಿಡಿದು ಹೊಂದಿಸಿ.

ಗ್ರಾಮ ನಕಾಶೆ ಭೂದಾಖಲೆ ತಾಣದಲ್ಲಿ ಪುಕ್ಕಟೆ. ಸರ್ವೆ ನಂಬರು, ಹೊಲದ ಗಡಿ ನೋಡಲು ಅದೇ ಬೇಕು. ಏರು ಇಳಿವು ಮಾತ್ರ ಅದರಲ್ಲಿಲ್ಲ, ಊರ ಗಡಿ ದಾಟಿದರೆ ಖಾಲಿ.

ಖರ್ಚೇ ಬೇಡ ಅನ್ನುವವರು ಯು502ರಿಂದ ಶುರು ಮಾಡಿ, ನಿಮ್ಮೂರು ಯಾವ ಹಾಳೆಗೆ ಬೀಳುತ್ತದೆ ಅಂತ ಅಕ್ಷಾಂಶ ರೇಖಾಂಶ ನೋಡಿಕೊಳ್ಳಿ. ನನಗೆ ಪರದೆ ಮೇಲೆ ಓದಿ ರೂಢಿಯಿಲ್ಲ. ಜಮಖಾನ ಹಾಸಿ ಹಿರಿಯರನ್ನು ಸುತ್ತ ಕೂರಿಸಿಕೊಂಡು ಕೇಳುವವನು ನಾನು. ಎರಡು ಹಾಳೆಯ ಖರ್ಚು ನನಗೆ ಹೊರೆ ಅನ್ನಿಸಲಿಲ್ಲ. ಪಕ್ಕದ 56 ಜಿ/5ನ್ನೂ ತರಿಸಲು ಹೇಳಿದ್ದೇನೆ.