ಅಪ್‌ಡೇಟ್ ನಂತರ ಗೊಜ್ಜಾದ ಗಿಟಾರ್ ಟೋನ್: ಲೋ ಕಟ್, ಬೇಸ್ ನಾಬ್, ಸ್ಕ್ರೀಮರ್, ಐಆರ್

ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ನನ್ನ ಆಂಪ್ ಮಾಡೆಲರ್‌ನ (ಗಿಟಾರ್ ಆಂಪ್‌ಗಳನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆ) ಹೈ ಗೇನ್ ಪ್ಯಾಚ್, ಅಂದರೆ ಜೋರು ಡಿಸ್ಟಾರ್ಷನ್‌ನ ಸೆಟ್ಟಿಂಗ್, ಬೇರೆಯೇ ಆಗಿಬಿಟ್ಟಿತು. ನಾಬ್‌ಗಳ ನಂಬರ್ ಎಲ್ಲ ಹಾಗೇ ಉಂಟು. ಆದರೆ ದಪ್ಪ ತಂತಿಯಲ್ಲಿ ಪಾಮ್ ಮ್ಯೂಟ್ (ಅಂಗೈ ಅಂಚನ್ನು ತಂತಿಗೆ ಒತ್ತಿ ನುಡಿಸುವುದು) ಮಾಡಿದರೆ 'ಜುಗ್ ಜುಗ್' ಇಲ್ಲ, ಒಂದೇ 'ಬೂಂ'. ಆಂಪ್ ಮಾಡೆಲ್‌ನ ಒಳಗಿನ ಲೆಕ್ಕ ಬದಲಾದರೆ ಹಳೆಯ ಬೇಸ್ 6 ಮತ್ತು ಹೊಸ ಬೇಸ್ 6 ಒಂದೇ ಆಗಿರಬೇಕೆಂದೇನಿಲ್ಲ. ಬ್ರ್ಯಾಂಡ್ ಹೆಸರು ಬೇಡ, ಯಾವ ಮಾಡೆಲರ್‌ಗೂ ಇದು ಬರಬಹುದು.

ಮಂಗಳೂರಿನಲ್ಲಿ ನಾವು ನುಡಿಸುವುದು ಹೆಚ್ಚಾಗಿ ಮದುವೆ ರಿಸೆಪ್ಷನ್‌ಗಳಲ್ಲಿ. ಹಾಲ್‌ನ ಎರಡೂ ಬದಿ ದೊಡ್ಡ ದೊಡ್ಡ ಸಬ್ (ತಗ್ಗು ಸದ್ದಿನ ಸ್ಪೀಕರ್). ಹೆಡ್‌ಫೋನ್‌ನಲ್ಲಿ ಚಂದ ಕೇಳುವ ಬೂಂ ಅಲ್ಲಿ ಬೇಸ್ ಗಿಟಾರಿನ ತಲೆ ಮೇಲೆ ಕೂರುತ್ತದೆ. "ಗಿಟಾರಿನ ಬೇಸ್ ಕಮ್ಮಿ ಮಾಡಿ ಮಾರಾಯ್ರೆ, ಕಿಕ್ ಡ್ರಮ್ ಕೇಳುದೇ ಇಲ್ಲ" ಅಂತ ಸೌಂಡ್‌ನವರ ಕೂಗು.

ಹಾಗಾಗಿ ನುಡಿಸಿದ್ದನ್ನೇ ಮತ್ತೆ ಮತ್ತೆ ಓಡಿಸುವ ಲೂಪರ್ ಅನ್ನು ಆಂಪ್‌ಗಿಂತ ಮೊದಲೇ ಇಟ್ಟು, ಒಂದೇ ರಿಫ್ ಓಡಿಸಿ, ಒಂದೊಂದೇ ದಾರಿ ನೋಡಿದೆ. ಪ್ರತಿ ಸಲ ವಾಲ್ಯೂಮ್ ಸಮ ಮಾಡಿಕೊಳ್ಳಬೇಕು. ಸದ್ದು ಜಾಸ್ತಿಯಾದಷ್ಟೂ ಕಿವಿಗೆ ಬೇಸ್ ಜಾಸ್ತಿ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಮೊದಲು ಎಲ್ಲರೂ ಹೇಳುವ ಮದ್ದು, ಕ್ಯಾಬ್ ಬ್ಲಾಕ್‌ನ (ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಭಾಗ) ಲೋ ಕಟ್, ಅಂದರೆ ಇಟ್ಟ ನಂಬರ್‌ನ ಕೆಳಗಿನ ಸದ್ದನ್ನು ಕತ್ತರಿಸುವುದು. 80 ಹರ್ಟ್ಜ್‌ನಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. 100ಕ್ಕೆ ಬಂದಾಗ ಬೂಂ ಇಳಿಯಿತು. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಜ್, ಅದನ್ನೇ ಕತ್ತರಿಸಿದ ಹಾಗಾಯ್ತಲ್ವಾ ಅಂತ ಹೆದರಬೇಡಿ. ಮೇಲಿನ ಹಾರ್ಮೋನಿಕ್‌ಗಳಿಂದ ಕಿವಿ ಸ್ವರವನ್ನು ಹಿಡಿಯುತ್ತದೆ, ಕೆಳಗೆ 41ರಿಂದ ಬೇಸ್ ಗಿಟಾರ್ ಇದ್ದೇ ಇದೆ. 150ಕ್ಕೆ ಏರಿಸಿದರೆ ಒಬ್ಬರೇ ನುಡಿಸುವಾಗ ತೀರಾ ತೆಳು. ಆದರೆ ಯಾವ ನಂಬರ್‌ನಲ್ಲೂ ಮ್ಯೂಟ್ ಬಿಡಿಬಿಡಿಯಾಗಿ ಕೇಳಲಿಲ್ಲ. ಡಿಸ್ಟಾರ್ಷನ್ ಒಳಗೆ ಕಲಸಿಹೋದ ಬೇಸನ್ನು ಹೊರಗೆ ಬಂದ ಮೇಲೆ ಬೇರೆ ಮಾಡಲು ಆಗುವುದಿಲ್ಲ.

ಬೇಸ್ ನಾಬ್ ಕಥೆ ಆಂಪ್ ನೋಡಿ. ಮಾರ್ಷಲ್ ಜಾತಿಯಲ್ಲಿ ಟೋನ್ ನಾಬ್‌ಗಳು ಪ್ರೀಆಂಪ್ ಗೇನ್ (ಡಿಸ್ಟಾರ್ಷನ್ ಹುಟ್ಟುವ ಹಂತ) ಆದ ನಂತರ ಬರುತ್ತವೆ. ಬೇಸ್ ಇಳಿಸಿದರೂ ಗೊಜ್ಜು ಹಾಗೇ ಇತ್ತು, ಸದ್ದು ಮಾತ್ರ ಸೊರಗಿತು. ಮೆಸಾ ಬೂಗಿ ಮಾರ್ಕ್ ಜಾತಿಯಲ್ಲಿ ಅವು ಗೇನ್‌ಗಿಂತ ಮೊದಲು. ಅಲ್ಲಿ ಬೇಸ್ 2ಕ್ಕೆ ಇಳಿಸಿದ ಕೂಡಲೇ ರಿಫ್ ಬಿಗಿಯಾಯಿತು. ಕಮ್ಮಿಯಾದ ದಪ್ಪವನ್ನು ಕೊನೆಯ ಗ್ರಾಫಿಕ್ ಇಕ್ಯೂನಲ್ಲಿ (ಈಕ್ವಲೈಸರ್) ವಾಪಸ್ ಕೊಟ್ಟೆ. ಅಸಲಿ ಆಂಪ್ ಇರುವವರೂ ಹೀಗೇ ಮಾಡುತ್ತಾರೆ.

ಮೂರನೆಯದು ಆಂಪ್‌ನ ಮುಂದೆ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್. ಡ್ರೈವ್ ಸೊನ್ನೆ, ಲೆವೆಲ್ ಹತ್ತಿರಹತ್ತಿರ ಪೂರ್ತಿ. ಈ ಪೆಡಲ್ ಸುಮಾರು 720 ಹರ್ಟ್ಜ್‌ನಿಂದ ಕೆಳಗಿನದನ್ನು ಮೆಲ್ಲ ತಗ್ಗಿಸಿಯೇ ಆಂಪ್‌ಗೆ ಕಳಿಸುತ್ತದೆ. ಪರಿಣಾಮ ಎಂತ ಹೇಳುವುದು, ಮ್ಯೂಟ್ ಒಂದೊಂದೂ ಎಣಿಸುವ ಹಾಗೆ ಕೇಳಿತು. ಒಂದೇ ತಕರಾರು, ಲೀಡ್ ನುಡಿಸುವಾಗ ಮೂಗಿನಲ್ಲಿ ಮಾತಾಡಿದಂತೆ. ಕೊಂಕಣಿ ಬೈಲಾ ಹಾಡುಗಳಿಗೆ ಬೇಕಾದ ಕ್ಲೀನ್ ಚಾಪ್‌ಗಂತೂ (ಡಿಸ್ಟಾರ್ಷನ್ ಇಲ್ಲದ ಚಿಕ್ಕ ಸ್ಟ್ರಮ್) ಬೇಡವೇ ಬೇಡ, ಆಫ್ ಮಾಡಿಬಿಡಿ.

ಅದೇ ಜಾಗದಲ್ಲಿ ಸುಮ್ನೆ ಒಂದು ಪ್ಯಾರಾಮೆಟ್ರಿಕ್ ಇಕ್ಯೂ (ಬೇಕಾದ ಹರ್ಟ್ಜ್ ನಾವೇ ಆರಿಸಬಹುದಾದ ಇಕ್ಯೂ) ಹಾಕಿ, 120ರ ಕೆಳಗೆ ಕತ್ತರಿಸಿ ನೋಡಿದೆ. ಸ್ಕ್ರೀಮರ್‌ನಷ್ಟು ಬಿಗಿ ಇಲ್ಲ, ಆದರೆ ಮೂಗೂ ಇಲ್ಲ. ನನಗೆ ಹಿಡಿಸಿದ್ದು ಇದೇ. ಡ್ರಾಪ್ ಡಿ (ದಪ್ಪ ಇ ತಂತಿಯನ್ನು ಡಿಗೆ ಇಳಿಸುವ ಶ್ರುತಿ) ಹಾಡುಗಳಿಗೆ ಮಾತ್ರ ಸ್ಕ್ರೀಮರ್ ಇಟ್ಟುಕೊಂಡಿದ್ದೇನೆ.

ಕೊನೆಯದು ಐಆರ್, ಅಂದರೆ ಕ್ಯಾಬ್ ಬ್ಲಾಕ್‌ಗೆ ಹಾಕುವ, ಅಸಲಿ ಸ್ಪೀಕರ್ ಮತ್ತು ಮೈಕ್‌ನ ಸದ್ದನ್ನು ಅಳೆದಿಟ್ಟ ಫೈಲ್. ಅದನ್ನು ಬದಲಿಸುವುದರಲ್ಲಿ ಸಂಜೆ ಹೋಯಿತು, ಅಷ್ಟೇ. ಪ್ರತಿ ಐಆರ್‌ಗೂ ಇಡೀ ಗಿಟಾರ್ ಬೇರೆಯಾಗುತ್ತದೆ, ಹೋಲಿಸುವುದೇ ಕಷ್ಟ. ಟೋನ್ ಮೊದಲಿನಿಂದಲೇ ಇಷ್ಟವಿಲ್ಲದಿದ್ದರೆ ಆ ದಾರಿ ಸರಿ.

ಈಗಿನ ಪ್ಯಾಚ್‌ನಲ್ಲಿ ಆಂಪ್‌ಗೆ ಮೊದಲು 120ರ ಕಟ್, ಕ್ಯಾಬ್‌ನಲ್ಲಿ 100. ಮಲ್ಪೆಯಂಥ ಬೀಚ್ ಸ್ಟೇಜ್‌ನಲ್ಲಿ ಬೂಂ ತುಂಬಿಸುವ ಗೋಡೆಗಳಿಲ್ಲ, ಅಲ್ಲಿ ಕ್ಯಾಬ್ ಕಟ್ 80ಕ್ಕೆ ಇಳಿಸಿದರೆ ಸಾಕು. ಮುಂದಿನ ಸ್ಟಾರ್ಟ್-ಅಪ್ ಮೆಸೇಜ್ 'ಅಪ್‌ಡೇಟ್ ಲಭ್ಯ' ಅಂದರೆ ಒತ್ತುವ ಮೊದಲು ಪ್ರೀಸೆಟ್‌ಗಳ ಬ್ಯಾಕಪ್ ಜೊತೆ ಹಳೆ ಟೋನಿನಲ್ಲಿ ಒಂದು ರಿಫ್ ರೆಕಾರ್ಡ್ ಮಾಡಿಡಿ. ಹೋಲಿಸಲು ನೆನಪು ಸಾಲದು.